ಕಂಪನಿ ಸೇರಿದ ಹುಡುಗರು

ನನ್ನ ಬಳಿ ಎಂಟನೆಯ ತರಗತಿಯಲ್ಲಿ ಚರಿತ್ರೆ ಓದಿದ ವಿದ್ಯಾರ್ಥಿನಿಯೊಬ್ಬರು ಈಗ ಇಬ್ಬರು ಮಕ್ಕಳ ತಾಯಿ. ಅವರ ಹಿರಿಯ ಮಗ ಇಂಜಿನಿಯರಿಂಗ್ ಎರಡನೆಯ ವರ್ಷದಲ್ಲಿದ್ದವನು, ಕಾಲೇಜು ಬಿಟ್ಟು ನಟನಾಗುತ್ತೇನೆಂದು ಹಠ ಹಿಡಿದಿದ್ದಾನಂತೆ. "ಮೇಷ್ಟ್ರೇ, ನಾವು ಹೇಳಿದರೆ ಅವನು ಕೇಳುವುದಿಲ್ಲ. ಹಿಂದಿನ ಕಾಲದವರು ನಟರಾಗಲು ಎಲ್ಲಿಂದ ಪ್ರಾರಂಭ ಮಾಡುತ್ತಿದ್ದರೆಂಬುದನ್ನಾದರೂ ಬರೆಯಿರಿ, ಓದಲು ಕೊಡುತ್ತೇನೆ" ಎಂದು ಕೇಳಿಕೊಂಡಿದ್ದಾರೆ. ನಟನೆಯನ್ನು ಕಲಿಸುವ ಯೋಗ್ಯತೆ ನನಗಿಲ್ಲ. ಶಾಲಾ ವಾರ್ಷಿಕೋತ್ಸವಗಳಲ್ಲಿ ಪರದೆ ಎಳೆದದ್ದೇ ನನ್ನ ರಂಗಸೇವೆ. ಆದರೆ ಕೇಳಿರುವ ಪ್ರಶ್ನೆ ಚರಿತ್ರೆಗೆ ಸಂಬಂಧಿಸಿದ್ದಾದುದರಿಂದ, ಬಲ್ಲಷ್ಟನ್ನು ಇಲ್ಲಿ ಬರೆದಿದ್ದೇನೆ.

ಮೊದಲಿಗೆ ಒಂದು ಮಾತು. "ನಾನು ನಟನಾಗುತ್ತೇನೆ" ಎಂಬ ವಾಕ್ಯ ನಮ್ಮ ನಾಡಿನಲ್ಲಿ ಬಹಳ ಹಳೆಯದಲ್ಲ. ಬಯಲಾಟ, ದೊಡ್ಡಾಟ, ಸಣ್ಣಾಟಗಳು ಎಷ್ಟೋ ತಲೆಮಾರುಗಳಿಂದ ಇದ್ದವು. ಆದರೆ ಸುಗ್ಗಿ ಮುಗಿದ ಮೇಲೆ ವೇಷ ಕಟ್ಟಿ ಅರ್ಜುನನಾದವನು ಮುಂಗಾರು ಬಿದ್ದೊಡನೆ ನೇಗಿಲು ಹಿಡಿಯುತ್ತಿದ್ದ. ಕರಾವಳಿಯಲ್ಲಿ ದೇವಸ್ಥಾನಗಳ ಆಶ್ರಯದಲ್ಲಿದ್ದ ಯಕ್ಷಗಾನ ಮೇಳಗಳನ್ನು ಬಿಟ್ಟರೆ, ನಟನೆಯೇ ಜೀವನೋಪಾಯವಾಗುವ ದಾರಿ ಸಾಮಾನ್ಯ ರೈತನ ಮಗನಿಗೋ ಕುಂಬಾರನ ಮಗನಿಗೋ ತೆರೆದಿರಲಿಲ್ಲ. ಆ ದಾರಿ ತೆರೆದದ್ದು ನಾಟಕ ಕಂಪನಿಗಳು ಹುಟ್ಟಿದ ಮೇಲೆ.

ಅವು ಹುಟ್ಟಿದ ಬಗೆಯೂ ಸ್ವಾರಸ್ಯಕರವಾಗಿದೆ. ಕರ್ನಾಟಕದ ಭಾಗವತ ಮೇಳವೊಂದರ ಆಟವನ್ನು ಕಂಡ ಪ್ರೇರಣೆಯಿಂದ ಸಾಂಗ್ಲಿಯಲ್ಲಿ ವಿಷ್ಣುದಾಸ ಭಾವೆಯವರು 1843ರಲ್ಲಿ ಮರಾಠಿ ನಾಟಕವನ್ನು ರಂಗಕ್ಕೆ ತಂದರು. ಮುಂದೆ ಅದೇ ಮರಾಠಿ ಕಂಪನಿಗಳು ಧಾರವಾಡ, ಗದಗ, ಹುಬ್ಬಳ್ಳಿಗಳಿಗೆ ಬಂದು ಕನ್ನಡಿಗರ ಹಣವನ್ನೂ ಮನಸ್ಸನ್ನೂ ಗೆದ್ದವು. ನಮ್ಮಿಂದ ಹೋದ ಬೀಜ ಅಲ್ಲಿ ಮರವಾಗಿ, ಹಣ್ಣು ನಮಗೇ ಮಾರಾಟಕ್ಕೆ ಬಂದಂತಾಯಿತು. ಇದನ್ನು ಸಹಿಸದೆ 1870ರ ದಶಕದಲ್ಲಿ ಗದಗಿನಲ್ಲಿ ಕನ್ನಡ ನಾಟಕ ಮಂಡಳಿಯನ್ನು ಕಟ್ಟಿ, ತಾವೇ ನಾಟಕಗಳನ್ನು ಬರೆದುಕೊಟ್ಟವರು ಶಾಂತಕವಿಗಳೆಂದು ಹೆಸರಾದ ಸಕ್ಕರಿ ಬಾಳಾಚಾರ್ಯರು. ಅವರು ವೃತ್ತಿಯಿಂದ ನಮ್ಮಂತೆಯೇ ಶಾಲಾ ಮಾಸ್ತರರು. ಈ ಮಾತನ್ನು ಬರೆಯುವಾಗ ನನಗೆ ಸ್ವಲ್ಪ ಜಂಬವಾಗುವುದುಂಟು. ಇತ್ತ ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರ ಆಶ್ರಯದಲ್ಲಿ ಅರಮನೆಯ ನಾಟಕ ಸಭೆ ಏರ್ಪಟ್ಟಿತು. ಬಸವಪ್ಪಶಾಸ್ತ್ರಿಗಳು ಅದಕ್ಕಾಗಿ ಶಾಕುಂತಲವನ್ನು ಕನ್ನಡಿಸಿದರು. 1884ರಲ್ಲಿ ತುಮಕೂರಿನ ಸಮೀಪದ ಗುಬ್ಬಿಯಲ್ಲಿ ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘ ಹುಟ್ಟಿತು. ಅದೇ ಮುಂದೆ ನಾಡೆಲ್ಲ "ಗುಬ್ಬಿ ಕಂಪನಿ" ಎಂದು ಕರೆದ ಸಂಸ್ಥೆ.

ಕಂಪನಿ ಎಂದರೆ ಊರಿಂದೂರಿಗೆ ಸಾಗುವ ಒಂದು ದೊಡ್ಡ ಸಂಸಾರ. ಒಂದು ಊರಿನಲ್ಲಿ ಕ್ಯಾಂಪು ಹಾಕಿದರೆ ತಿಂಗಳುಗಟ್ಟಲೆ ಅಲ್ಲೇ ವಾಸ. ಬಾಡಿಗೆಗೆ ಹಿಡಿದ ದೊಡ್ಡ ಮನೆಯೊಂದು "ಕಂಪನಿ ಮನೆ"ಯಾಗುತ್ತಿತ್ತು. ಅಲ್ಲಿ ಒಂದೇ ಒಲೆ, ಒಂದೇ ಪಂಕ್ತಿ. ನಟನಾಗಬೇಕೆಂಬ ಹುಡುಗ ಮೊದಲು ಸೇರುತ್ತಿದ್ದುದು ಈ ಮನೆಗೇ ಹೊರತು ರಂಗಸ್ಥಳಕ್ಕಲ್ಲ. ಅರ್ಜಿ ಇಲ್ಲ, ಫೀಸು ಇಲ್ಲ. ಮಾಲೀಕರೋ ಹಾರ್ಮೋನಿಯಂ ಮಾಸ್ತರರೋ ಎದುರಿಗೆ ಕೂರಿಸಿಕೊಂಡು "ಒಂದು ಪದ ಹಾಡು ನೋಡೋಣ" ಎನ್ನುತ್ತಿದ್ದರು. ಮುಖ ನೋಡುತ್ತಿದ್ದುದು ಆಮೇಲೆ. ಮೈಕು ಇಲ್ಲದ ಕಾಲದಲ್ಲಿ ಹಿಂದಿನ ಸಾಲಿನ ನೆಲದ ಗಿರಾಕಿಗೂ ಅಕ್ಷರ ಅಕ್ಷರವೂ ಕೇಳಿಸಬೇಕಾಗಿತ್ತು. ಕಂಠವಿದ್ದವನಿಗೆ ಮಾತ್ರ ಊಟದ ಎಲೆ ಎಂದರೂ ತಪ್ಪಾಗಲಾರದು.

ಕಂಠವಿದ್ದೂ ನಟರಾಗದೆ ಬೇರೇನೋ ಆದವರೂ ಉಂಟು. ಧಾರವಾಡದ ಬಳಿಯ ಮನಸೂರಿನ ಹುಡುಗ ಮಲ್ಲಿಕಾರ್ಜುನ, ಅಣ್ಣ ಬಸವರಾಜರ ಬೆನ್ನು ಹಿಡಿದು ಚಿಕ್ಕಂದಿನಲ್ಲೇ ನಾಟಕ ಕಂಪನಿ ಸೇರಿದ. ರಂಗದ ಮೇಲೆ ಅವನು ಹಾಡಿದ್ದನ್ನು ಕೇಳಿ ಅಪ್ಪಯ್ಯಸ್ವಾಮಿಗಳು ಕರ್ನಾಟಕ ಸಂಗೀತದ ಪಾಠ ಹೇಳಿದರು. ಆಮೇಲೆ ಮಿರಜಿನ ನೀಲಕಂಠಬುವಾ ಅವರಲ್ಲಿ ಹಿಂದೂಸ್ತಾನಿ ಕಲಿಕೆ. ನಾಟಕ ಕಂಪನಿ ಇಲ್ಲದಿದ್ದರೆ ಪಂಡಿತ ಮಲ್ಲಿಕಾರ್ಜುನ ಮನಸೂರರು ನಮಗೆ ಸಿಕ್ಕುತ್ತಿದ್ದರೋ ಇಲ್ಲವೋ. ಹೀಗೆ ಕಂಪನಿಗಳು ಸಂಗೀತದ ಪಾಠಶಾಲೆಗಳೂ ಆಗಿದ್ದವು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳಿಗೆ ಸಂಗೀತ ಕಲಿಸುತ್ತಿದ್ದ ಗವಾಯಿಗಳು ಆಶ್ರಮದ ಅನ್ನಕ್ಕಾಗಿ ನಾಟಕ ಕಂಪನಿಯನ್ನೇ ನಡೆಸಿದರೆಂಬುದನ್ನು ಇಲ್ಲಿ ನೆನೆಯಬೇಕು.

ಸೇರಿದ ಹುಡುಗನಿಗೆ ಮೊದಲ ದಿನವೇ ಪಾರ್ಟು ಸಿಕ್ಕುತ್ತಿರಲಿಲ್ಲ. ಹಿರಿಯ ನಟರ ಬಟ್ಟೆ ಮಡಿಸುವುದು, ಬಣ್ಣ ಅರೆಯುವುದು, ಪರದೆಯ ಹಗ್ಗ ಹಿಡಿಯುವುದು, ಹಗಲು ಹೊತ್ತು ಜಟಕಾ ಬಂಡಿಯಲ್ಲಿ ಕುಳಿತು ಹ್ಯಾಂಡ್‌ಬಿಲ್ ಎಸೆಯುವುದು, ಇವು ಪ್ರಥಮ ಪಾಠಗಳು. ಬೆಳಿಗ್ಗೆ ಎದ್ದೊಡನೆ ಹಾರ್ಮೋನಿಯಂ ಮುಂದೆ ಸ್ವರ ಸಾಧನೆ, ಬಳಿಕ ತಾಲೀಮು. ನಾಟಕದ ಆರಂಭದಲ್ಲಿ ಸಾಲಾಗಿ ನಿಂತು ಪ್ರಾರ್ಥನಾ ಗೀತೆ ಹಾಡುವ ಗುಂಪಿನಲ್ಲಿ ಅವನಿಗೆ ಮೊದಲ ಜಾಗ. ಆಮೇಲೆ ಮಾತಿಲ್ಲದ ಸೇವಕನ ಪಾರ್ಟು, ಅದರ ಮೇಲೆ ಲೋಹಿತಾಶ್ವ, ಧ್ರುವ, ಪ್ರಹ್ಲಾದ, ಬಾಲಕೃಷ್ಣ. ಅಷ್ಟರೊಳಗೆ ಅವನು ಪ್ರತಿ ರಾತ್ರಿ ಸೈಡ್ ವಿಂಗಿನಲ್ಲಿ ನಿಂತು ನೋಡಿ ನೋಡಿ ಎಲ್ಲರ ಮಾತನ್ನೂ ಬಾಯಿಪಾಠ ಮಾಡಿಕೊಂಡಿರುತ್ತಿದ್ದ. ಯಾರಿಗಾದರೂ ಜ್ವರ ಬಂದರೆ ಅದೇ ಅವನ ಅದೃಷ್ಟ. ಎಷ್ಟೋ ಮಂದಿ ಪ್ರಸಿದ್ಧರ ಮೊದಲ ದೊಡ್ಡ ಪಾತ್ರದ ಹಿಂದೆ ಇನ್ನೊಬ್ಬರ ಜ್ವರವೋ ಜಗಳವೋ ಇದ್ದೇ ಇರುತ್ತದೆ.

ಗುಬ್ಬಿ ವೀರಣ್ಣನವರು ಹೀಗೆಯೇ ಆರೇಳು ವರ್ಷದ ಬಾಲಕನಾಗಿ ಕಂಪನಿಗೆ ಸೇರಿದವರು. ಸೇರಿದ ಸುಮಾರು ಎರಡು ದಶಕಗಳಲ್ಲಿ, 1917ರಲ್ಲಿ, ಅದೇ ಕಂಪನಿಯ ಮಾಲೀಕರಾದರು. ಸದಾರಮೆ ನಾಟಕದ ಕಳ್ಳನ ಪಾತ್ರದಲ್ಲಿ ಅವರು ಜನರನ್ನು ನಗಿಸಿದ ಬಗೆಯನ್ನು ನಮ್ಮ ತಂದೆಯವರು ಸಾಯುವ ತನಕ ಹೇಳುತ್ತಿದ್ದರು. 1934ರಲ್ಲಿ ಅವರು ಕುರುಕ್ಷೇತ್ರ ನಾಟಕಕ್ಕೆ ಆನೆ ಕುದುರೆಗಳನ್ನೇ ರಂಗಕ್ಕೆ ತಂದರು. ಆನೆಗಿಂತ ದೊಡ್ಡದೆಂದು ನನಗೆ ತೋರುವುದು ಬೇರೆ: ಅವರ ಕಂಪನಿಯ ಒಲೆಯ ಬಳಿ ಉಂಡು ಬೆಳೆದ ಹುಡುಗರ ಪಟ್ಟಿ. ನಂಜನಗೂಡಿನ ಕಡೆಯಿಂದ ಎಂಟು ವರ್ಷದವರಾಗಿ ಬಂದ ಜಿ. ವಿ. ಅಯ್ಯರ್, ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಜೊತೆಯಲ್ಲಿ ಬಂದ ಮುತ್ತುರಾಜ, ದಕ್ಷಿಣ ಕನ್ನಡದ ಬಂಟ್ವಾಳದ ಸಮೀಪದ ಮಂಚಿಯಿಂದ ಮನೆ ಬಿಟ್ಟು ಓಡಿಬಂದ ಬಿ. ವಿ. ಕಾರಂತ.

ಮುತ್ತುರಾಜ ಮೂರನೆಯ ತರಗತಿಗೇ ಶಾಲೆ ಬಿಟ್ಟ ಹುಡುಗ. ಅವನೇ ಡಾ. ರಾಜಕುಮಾರ್ ಎಂಬುದನ್ನು ನಿಮಗೆ ಹೇಳಬೇಕಾಗಿಲ್ಲ. ಅವರ ಕಥೆಯನ್ನು ಹೇಳುವವರು ಸಾಮಾನ್ಯವಾಗಿ 1954ರ "ಬೇಡರ ಕಣ್ಣಪ್ಪ"ದಿಂದ ಪ್ರಾರಂಭಿಸುತ್ತಾರೆ. ನಿರ್ದೇಶಕ ಎಚ್. ಎಲ್. ಎನ್. ಸಿಂಹ ಅವರು ಆರಿಸಿದರು, ಚಿತ್ರ ಗೆದ್ದಿತು, ನಟ ಹುಟ್ಟಿದ, ಹೀಗೆ. ನನ್ನ ದೃಷ್ಟಿಯಲ್ಲಿ ಇದು ಕಥೆಯ ಮೊದಲ ಅರ್ಧವನ್ನು ಹರಿದುಹಾಕಿದ ಪುಸ್ತಕ. ಆ ಹೊತ್ತಿಗೆ ಅವರಿಗೆ ವಯಸ್ಸು ಇಪ್ಪತ್ತೈದು. ಬಾಲ್ಯದಿಂದಲೂ ಕಂಪನಿಗಳಲ್ಲಿ ದುಡಿದಿದ್ದರು. ಗುಬ್ಬಿ ಕಂಪನಿಯ ನಂತರ ಸುಬ್ಬಯ್ಯ ನಾಯ್ಡು ಅವರ ಕಂಪನಿಯಲ್ಲೂ ಇದ್ದರು. 1942ರ "ಭಕ್ತ ಪ್ರಹ್ಲಾದ" ಮತ್ತು 1952ರ "ಶ್ರೀನಿವಾಸ ಕಲ್ಯಾಣ" ಚಿತ್ರಗಳಲ್ಲಿ ಯಾರ ಕಣ್ಣಿಗೂ ಬೀಳದ ಸಣ್ಣ ಪಾತ್ರಗಳಲ್ಲಿ ನಿಂತು ಹೋಗಿದ್ದರು. ಮಗನ ಏಳಿಗೆಯನ್ನು ಕಾಣದೆ ತಂದೆ 1951ರಲ್ಲೇ ತೀರಿಕೊಂಡಿದ್ದರು. ಹಾರ್ಮೋನಿಯಂ ಮುಂದೆ ಕುಳಿತು ಪಡೆದ ಆ ಸಂಗೀತ ಜ್ಞಾನ ಎಷ್ಟು ಕಾಲ ಮುಚ್ಚಿಟ್ಟ ನಿಧಿಯಾಗಿತ್ತೆಂದರೆ, ಚಿತ್ರರಂಗದಲ್ಲಿ ಇಪ್ಪತ್ತು ವರ್ಷ ಅವರ ತುಟಿಗಳಿಗೆ ಬಹುಮಟ್ಟಿಗೆ ಬೇರೆಯವರ ಕಂಠ. 1974ರ "ಸಂಪತ್ತಿಗೆ ಸವಾಲ್" ಚಿತ್ರದ ನಂತರವೇ ಅವರು ತಮ್ಮ ಹಾಡುಗಳನ್ನು ತಾವೇ ಹಾಡತೊಡಗಿದ್ದು. 1992ರ "ಜೀವನ ಚೈತ್ರ"ದ ಗಾಯನಕ್ಕೆ ರಾಷ್ಟ್ರಪ್ರಶಸ್ತಿಯೂ ಬಂದಿತು.

ಈ ಹೊಳೆಯುವ ಹೆಸರುಗಳನ್ನು ಓದಿ ಕಂಪನಿಯ ಬಾಳು ಸುಖದ ಬಾಳೆಂದು ಯಾರೂ ತಿಳಿಯಬಾರದು. ಆದ್ದರಿಂದ ಹೆಸರಿಲ್ಲದ ಒಬ್ಬನ ಕಥೆಯನ್ನು ಹೇಳುತ್ತೇನೆ.

ನಾನು ಪ್ರಾಥಮಿಕ ಶಾಲೆಯಲ್ಲಿದ್ದಾಗ ನಮ್ಮೂರ ಸಂತೆ ಮೈದಾನದಲ್ಲಿ ಒಂದು ಕಂಪನಿ ಕ್ಯಾಂಪು ಹಾಕಿತ್ತು. ಅದು ದೊಡ್ಡ ಕಂಪನಿಯಲ್ಲ. "ಹರಿಶ್ಚಂದ್ರ"ದಲ್ಲಿ ಲೋಹಿತಾಶ್ವನಾಗುತ್ತಿದ್ದ ಹುಡುಗ ನನಗಿಂತ ಎರಡು ವರ್ಷ ದೊಡ್ಡವನು. ರಾತ್ರಿ ಹಾವು ಕಚ್ಚಿ ಸತ್ತು ಊರ ಹೆಂಗಸರನ್ನೆಲ್ಲ ಅಳಿಸಿದವನು ಮರುದಿನ ಬೆಳಿಗ್ಗೆ ನಮ್ಮೊಡನೆ ಗೋಲಿಯಾಡಲು ಬರುತ್ತಿದ್ದ. ಕಿವಿಯ ಹಿಂದೆ ಬಣ್ಣ ಇನ್ನೂ ಅಂಟಿಕೊಂಡಿರುತ್ತಿತ್ತು. ನಮಗೆ ಅವನೆಂದರೆ ದೇವಲೋಕದವನು. ಅವನಿಗೆ ನಮ್ಮ ಪಾಟಿಚೀಲದ ಮೇಲೆ ಕಣ್ಣು. ಒಂದು ದಿನ ನನ್ನ ಪುಸ್ತಕ ತಿರುವಿಹಾಕಿ, "ಇಷ್ಟೆಲ್ಲ ನಿನ್ನೊಬ್ಬನ ಪಾರ್ಟೇ?" ಎಂದು ಕೇಳಿದ. ಅವನಿಗೆ ಅಕ್ಷರ ಗೊತ್ತಿತ್ತು. ಕಂಪನಿಯಲ್ಲಿ ಹಿರಿಯ ನಟರೊಬ್ಬರು ಪಾರ್ಟು ಬರೆಸಿ ಕಲಿಸಿದ್ದರಂತೆ. ಆದರೆ ತಾನು ಹೇಳಬೇಕಾದ ಮಾತಿನ ಹೊರತು ಬೇರೆ ಏನನ್ನಾದರೂ ಓದುವುದುಂಟೆಂಬ ಕಲ್ಪನೆ ಅವನಿಗಿರಲಿಲ್ಲ.

ನಾಲ್ಕೈದು ವರ್ಷಗಳ ಮೇಲೆ ಅದೇ ಕಂಪನಿ ಮತ್ತೆ ಬಂತು. ನಾನು ಓಡಿಹೋದೆ. ಲೋಹಿತಾಶ್ವ ಬೇರೊಬ್ಬ ಹುಡುಗ. ನನ್ನ ಗೆಳೆಯ ಗೇಟಿನಲ್ಲಿ ನಿಂತು ಟಿಕೇಟು ಹರಿಯುತ್ತಿದ್ದ. ಮೀಸೆ ಚಿಗುರಿತ್ತು, ಧ್ವನಿ ಒಡೆದಿತ್ತು. ಬಾಲಪಾತ್ರಕ್ಕೂ ಸ್ತ್ರೀಪಾತ್ರಕ್ಕೂ ಸಲ್ಲದ, ರಾಜಪಾತ್ರಕ್ಕೆ ಇನ್ನೂ ಏರದ ವಯಸ್ಸು ಅದು. "ಕಂಠ ಕೂಡಿಬಂದರೆ ನಕ್ಷತ್ರಿಕನ ಪಾರ್ಟು ಕೊಡುತ್ತಾರಂತೆ" ಎಂದ. ಆ ಮೇಲೆ ನಾನು ಅವನನ್ನು ಕಾಣಲಿಲ್ಲ.

ಕಂಠ ಒಡೆಯುವುದೆಂಬುದು ಬಾಲನಟರ ಪಾಲಿಗೆ ದೊಡ್ಡ ಗಂಡಾಂತರವಾಗಿತ್ತು. ಹೆಂಗಸರು ರಂಗದ ಮೇಲೆ ಬರುವುದು ವಿರಳವಾಗಿದ್ದಾಗ ಎಳೆಯ ಕಂಠದ ಹುಡುಗರೇ ಶಕುಂತಲೆ, ದ್ರೌಪದಿ, ಚಂದ್ರಮತಿಯರು. ಊರಿನ ಗೃಹಿಣಿಯರು ಅವರ ಸೀರೆ ಉಡುವ ಕ್ರಮವನ್ನು ಅನುಕರಿಸುವಷ್ಟು ಕೀರ್ತಿ. ಆದರೆ ಒಂದು ಚಳಿಗಾಲದಲ್ಲಿ ಕಂಠ ಒಡೆದರೆ ಕೀರ್ತಿಯೂ ಮುಗಿಯಿತು, ಸಂಬಳವೂ ಇಳಿಯಿತು. ಇದನ್ನು ದಾಟಿದವರ ಪೈಕಿ ಬೆಳಗಾವಿ ಜಿಲ್ಲೆಯ ಏಣಗಿ ಬಾಳಪ್ಪನವರನ್ನು ಮುಖ್ಯವಾಗಿ ಹೇಳಬೇಕು. 1914ರಲ್ಲಿ ಹುಟ್ಟಿದ ಅವರು ಎಳವೆಯಲ್ಲಿ ಸ್ತ್ರೀಪಾತ್ರಗಳನ್ನು ಮಾಡಿ, ಪ್ರೌಢರಾದ ಮೇಲೆ ಬಸವಣ್ಣನಾಗಿ ರಂಗಕ್ಕೆ ಬಂದರು. ಉತ್ತರ ಕರ್ನಾಟಕದ ಎಷ್ಟೋ ಮಂದಿಗೆ ಬಸವಣ್ಣನೆಂದರೆ ಬಾಳಪ್ಪನವರ ಮುಖವೇ ಕಣ್ಣಮುಂದೆ ನಿಲ್ಲುವಂತೆ ಆ ಪಾತ್ರದಲ್ಲಿ ಬೆರೆತುಹೋದರು. ಸ್ವಂತ ಕಂಪನಿ ಕಟ್ಟಿ, ನೂರು ವರ್ಷ ದಾಟಿ ಬದುಕಿ, 2017ರಲ್ಲಿ ತೀರಿಕೊಂಡರು. ಎರಡು ಕಂಠಗಳಲ್ಲಿ ಎರಡು ಬಾಳು ಬಾಳಿದವರು ಎನ್ನಬಹುದು.

ಹೆಣ್ಣುಮಕ್ಕಳು ರಂಗಕ್ಕೆ ಬಂದ ಕಥೆ ಇನ್ನೂ ಕಷ್ಟದ್ದು; ಅದಕ್ಕೆ ಪ್ರತ್ಯೇಕ ಲೇಖನವೇ ಬೇಕು. ಇಲ್ಲಿ ಮೈಸೂರಿನ ಆರ್. ನಾಗರತ್ನಮ್ಮನವರ ಹೆಸರನ್ನಷ್ಟೇ ಹೇಳುತ್ತೇನೆ. ಅವರು 1958ರಲ್ಲಿ ಹೆಂಗಸರದೇ ಆದ ಸ್ತ್ರೀ ನಾಟಕ ಮಂಡಳಿಯನ್ನು ಕಟ್ಟಿ, ಕಂಸ, ರಾವಣ ಮೊದಲಾದ ಪಾತ್ರಗಳನ್ನು ತಾವೇ ಮಾಡಿದರು. ಗಂಡಸರು ಸೀರೆ ಉಟ್ಟು ಮೆರೆದ ರಂಗದ ಮೇಲೆ ಹೆಂಗಸೊಬ್ಬಳು ಗದೆ ಹಿಡಿದು ಗರ್ಜಿಸಿದಳು. 2012ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಅವರು ಅಗಲಿದರು.

1934ರಲ್ಲಿ "ಸತಿ ಸುಲೋಚನ" ತೆರೆಕಂಡಾಗ ಉಮೇದುವಾರರಿಗೆ ಎರಡನೆಯ ಬಾಗಿಲು ತೆರೆಯಿತು. ಆದರೆ ಆ ಬಾಗಿಲೊಳಗೆ ಹೋಗಲು ಮೊದಲ ಬಾಗಿಲನ್ನೇ ಹಾಯಬೇಕಾಗಿತ್ತು. ಆ ಚಿತ್ರದ ರಾವಣ ಆರ್. ನಾಗೇಂದ್ರರಾಯರು, ಇಂದ್ರಜಿತು ಸುಬ್ಬಯ್ಯ ನಾಯ್ಡು. ಇಬ್ಬರೂ ಕಂಪನಿ ನಾಟಕದವರೇ. 1936ರ "ಸಂಸಾರ ನೌಕ" ಮಹಮದ್ ಪೀರ್ ಅವರ ಕಂಪನಿಯ ರಂಗದಿಂದ ತೆರೆಗೆ ಹೋದ ಕಥೆ. ಕ್ಯಾಮರಾ ಮುಂದೆ ನಿಂತ ಆ ತಲೆಮಾರಿನವರೆಲ್ಲ ಬಹುಪಾಲು ಹಾರ್ಮೋನಿಯಂ ಮಾಸ್ತರರ ಪೆಟ್ಟು ತಿಂದವರು.

ಗೆದ್ದ ಮೇಲೂ ಅನ್ನ ನಿಶ್ಚಿತವಾಗಿರಲಿಲ್ಲ. "ಬೇಡರ ಕಣ್ಣಪ್ಪ" ಅಷ್ಟು ಯಶಸ್ವಿಯಾದ ಮೇಲೂ ಕನ್ನಡದಲ್ಲಿ ವರ್ಷಕ್ಕೆ ತಯಾರಾಗುತ್ತಿದ್ದ ಚಿತ್ರಗಳು ಬೆರಳೆಣಿಕೆಯಷ್ಟು. ಕೆಲಸವಿಲ್ಲದಾಗ ರಾಜಕುಮಾರ್, ನರಸಿಂಹರಾಜು, ಬಾಲಕೃಷ್ಣ, ಜಿ. ವಿ. ಅಯ್ಯರ್ ನಾಲ್ವರೂ ಕಲಾವಿದರ ಸಂಘವೊಂದನ್ನು ಕಟ್ಟಿ, ಊರೂರು ಸುತ್ತಿ ಮತ್ತೆ ನಾಟಕವಾಡಿದರು. ಮುಂದೆ 1960ರಲ್ಲಿ "ರಣಧೀರ ಕಂಠೀರವ" ಚಿತ್ರವನ್ನು ತಾವೇ ನಿರ್ಮಿಸಿದರು. ಈ ನಾಲ್ವರಲ್ಲಿ ಅರಸೀಕೆರೆಯ ಬಾಲಕೃಷ್ಣ ಅವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಎದುರಿನವನ ಮಾತು ಎಲ್ಲಿ ಮುಗಿಯುತ್ತದೆಂದು ಅವರ ತುಟಿಯನ್ನೂ ಮುಖಭಾವವನ್ನೂ ನೋಡಿಯೇ ತಿಳಿದು ತಮ್ಮ ಮಾತನ್ನು ಒಪ್ಪಿಸಬೇಕಾಗಿತ್ತು. ಅಂಥವರು ನೂರಾರು ಚಿತ್ರಗಳಲ್ಲಿ ಖಳನಾಗಿ, ವಿದೂಷಕನಾಗಿ, ತಂದೆಯಾಗಿ ನಟಿಸಿದರೆಂಬುದನ್ನು ಯೋಚಿಸಿ ನೋಡಿ. ನಟನೆಗೆ ತನಗೆ ಇಂಥದೊಂದು ಸೌಕರ್ಯವಿಲ್ಲವೆಂದು ಕೊರಗುವ ಯುವಕರಿಗೆ ನಾನು ಈ ಹೆಸರನ್ನು ತಪ್ಪದೆ ಹೇಳುತ್ತೇನೆ.

ಇನ್ನು ಕಾರಂತರ ಕಡೆಗೆ ಬರೋಣ, ಏಕೆಂದರೆ ಹಳೆಯ ದಾರಿಯಿಂದ ಹೊಸ ದಾರಿಗೆ ಸೇತುವೆಯಾದವರು ಅವರೇ. ಓಡಿಬಂದ ಈ ಹುಡುಗನಿಗೆ ಓದಿನ ಹಸಿವು ಇದ್ದುದನ್ನು ಗುಬ್ಬಿ ವೀರಣ್ಣನವರು ಗುರುತಿಸಿದರು. ಕಂಪನಿಯಲ್ಲೇ ಉಳಿಸಿಕೊಂಡು ದುಡಿಸಿಕೊಳ್ಳಬಹುದಾಗಿತ್ತು. ಹಾಗೆ ಮಾಡದೆ ಕಾಶಿಗೆ ಓದಲು ಕಳುಹಿಸಿದರು. ಕಾರಂತರು ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಹಿಂದಿ ಎಂ.ಎ. ಮಾಡಿದರು, ಓಂಕಾರನಾಥ ಠಾಕೂರರಲ್ಲಿ ಸಂಗೀತ ಕಲಿತರು, 1962ರಲ್ಲಿ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ಪದವಿ ಪಡೆದು, 1977ರಲ್ಲಿ ಅದೇ ಶಾಲೆಯ ನಿರ್ದೇಶಕರಾದರು. ಮೂರನೆಯ ತರಗತಿಯಲ್ಲಿ ಶಾಲೆ ಬಿಟ್ಟ ಮುತ್ತುರಾಜನ ಉದಾಹರಣೆಯನ್ನು ಹಿಡಿದು ಓದನ್ನು ಬಿಡಲು ಹೊರಡುವವರು, ಅದೇ ಕಂಪನಿಯ ಮಾಲೀಕರು ಇನ್ನೊಬ್ಬ ಹುಡುಗನನ್ನು ಹಣ ಕೊಟ್ಟು ಓದಲು ಕಳಿಸಿದ್ದನ್ನು ಮರೆಯುತ್ತಾರೆ. ಮುತ್ತುರಾಜನಿಗೆ ಶಾಲೆ ತಪ್ಪಿದ್ದು ಬಡತನದಿಂದ. ಮೂವತ್ತನಾಲ್ಕು ವರ್ಷ ಹಾಜರಿ ಪುಸ್ತಕ ಹಿಡಿದ ನಾನು ಅದನ್ನು ಒಂದು ಸಾಧನೆಯೆಂದು ಹೊಗಳಲಾರೆ. ಆದರೆ ಕಂಪನಿಯ ಮನೆ ಅವನಿಗೆ ಕೊಟ್ಟ ಶಿಕ್ಷಣ ಶಿಕ್ಷಣವಲ್ಲವೆಂದೂ ಹೇಳಲಾರೆ. ಸ್ಪಷ್ಟ ಉಚ್ಚಾರಣೆ, ಪುರಾಣ ಕಾವ್ಯಗಳ ಪರಿಚಯ, ಹತ್ತಾರು ಜನರೊಡನೆ ಹೊಂದಿ ಬಾಳುವ ಅಭ್ಯಾಸ, ಹಸಿವಿನಲ್ಲೂ ಸಮಯಕ್ಕೆ ಸರಿಯಾಗಿ ಕೆಲಸಕ್ಕೆ ನಿಲ್ಲುವ ಶಿಸ್ತು, ಇವನ್ನು ನಮ್ಮ ಪ್ರೌಢಶಾಲೆಗಳು ಎಷ್ಟು ಮಕ್ಕಳಿಗೆ ಕೊಡುತ್ತವೆ?

ಕಂಪನಿಗಳು ಇಳಿಮುಖವಾದಂತೆ ಅವುಗಳ ಗುರುಕುಲವೂ ಹೋಯಿತು. ಆ ಜಾಗಕ್ಕೆ ನಾಟಕ ಶಾಲೆಗಳು ಬಂದವು. ರಾಷ್ಟ್ರೀಯ ನಾಟಕ ಶಾಲೆ 1959ರಲ್ಲಿ, ನಮ್ಮ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಕೆ. ವಿ. ಸುಬ್ಬಣ್ಣನವರ ನೀನಾಸಂ ರಂಗಶಿಕ್ಷಣ ಕೇಂದ್ರ 1980ರಲ್ಲಿ. ಅಡಿಕೆ ತೋಟಗಳ ನಡುವಿನ ಹಳ್ಳಿಯೊಂದರಲ್ಲಿ ನಾಟಕ ಶಾಲೆ ನಡೆಯಬಲ್ಲದೆಂದು ಯಾರು ನಂಬುತ್ತಿದ್ದರು? 1985ರಿಂದ ಅದರ "ತಿರುಗಾಟ" ತಂಡ ಊರೂರಿಗೆ ನಾಟಕಗಳನ್ನು ಒಯ್ಯತೊಡಗಿತು. ಕಂಪನಿಯ ಸಂಚಾರವೇ ಬೇರೆ ವೇಷದಲ್ಲಿ ಮರಳಿದಂತೆ ನನಗೆ ತೋರುತ್ತದೆ. ಮೈಸೂರಿನ ರಂಗಾಯಣ 1989ರಲ್ಲಿ ಕಾರಂತರ ಮುಂದಾಳತ್ವದಲ್ಲಿ ಆರಂಭವಾಯಿತು; ನಟರಿಗೆ ತಿಂಗಳ ಸಂಬಳ ಕೊಟ್ಟು ವರ್ಷವಿಡೀ ಅಭ್ಯಾಸ ಮಾಡಿಸುವ ವ್ಯವಸ್ಥೆ ಅದು.

ಹಿಂದಿನ ಹಾಗೂ ಇಂದಿನ ಉಮೇದುವಾರರ ನಡುವೆ ನನಗೆ ಕಾಣುವ ದೊಡ್ಡ ಅಂತರ ಹಣದ್ದು. ಕಂಪನಿ ಸೇರಿದ ಹುಡುಗ ಒಂದು ಕಾಸನ್ನೂ ಕೊಡುತ್ತಿರಲಿಲ್ಲ; ಸಂಬಳ ಅತ್ಯಲ್ಪವಾದರೂ ಊಟ ಬಟ್ಟೆಗಳು ಕಂಪನಿಯವೇ. ಇಂದು ಬೆಂಗಳೂರಿನ ಬೀದಿ ಬೀದಿಯಲ್ಲೂ "ಮೂರು ತಿಂಗಳಲ್ಲಿ ನಟನಾಗಿ" ಎಂಬ ಬೋರ್ಡುಗಳಿವೆ. ಅಲ್ಲಿ ಕಟ್ಟುವ ಶುಲ್ಕ, ಫೋಟೋ ಆಲ್ಬಂಗೆ ತೆರುವ ಹಣ, ಅವಕಾಶ ಕೊಡಿಸುವೆನೆಂದವನಿಗೆ ಒಪ್ಪಿಸುವ ಮುಂಗಡ, ಇವುಗಳ ಲೆಕ್ಕ ಕೇಳಿದರೆ ಎದೆ ನಡುಗುತ್ತದೆ. ನನ್ನ ವಿದ್ಯಾರ್ಥಿಯೊಬ್ಬ ತಾಯಿಯ ಬಳೆ ಅಡವಿಟ್ಟು ಇಂಥ ಒಬ್ಬನಿಗೆ ಹಣ ಕೊಟ್ಟ. ಆ ಮನುಷ್ಯ ಮರುತಿಂಗಳು ಮನೆಯನ್ನೇ ಖಾಲಿ ಮಾಡಿದ್ದ. ಪಾತ್ರ ಕೊಡಲು ಹಣ ಕೇಳುವವನಲ್ಲಿ ಪಾತ್ರವಿರುವುದಿಲ್ಲ. ಇಷ್ಟನ್ನು ಮಾತ್ರ ಆ ತಾಯಿ ಮಗನಿಗೆ ಸ್ಪಷ್ಟವಾಗಿ ಹೇಳಲಿ.

ಉಳಿದದ್ದನ್ನು ಹುಡುಗನೇ ಕಣ್ಣಾರೆ ನೋಡಲಿ ಎಂಬುದು ನನ್ನ ಅಭಿಪ್ರಾಯ. ಬಾದಾಮಿಯ ಬಳಿ ಬನಶಂಕರಿ ಜಾತ್ರೆ ಬನದ ಹುಣ್ಣಿಮೆಯ ಸುಮಾರಿಗೆ, ಅಂದರೆ ಜನವರಿಯ ಹೊತ್ತಿಗೆ, ಪ್ರಾರಂಭವಾಗುತ್ತದೆ. ಅಳಿದುಳಿದ ವೃತ್ತಿ ಕಂಪನಿಗಳು ಅಲ್ಲಿಗೆ ಬಂದು ಅಕ್ಕಪಕ್ಕದಲ್ಲಿ ಟೆಂಟು ಹೊಡೆದು ಹಲವು ವಾರ ನಾಟಕವಾಡುತ್ತವೆ. ಮೊದಲ ಸಾಲಿನ ಕುರ್ಚಿಗಿಂತ, ಆಟ ಮುಗಿದ ಮೇಲೆ ಟೆಂಟಿನ ಹಿಂಬದಿಗೆ ಹೋಗಿ ನಿಲ್ಲುವುದು ಒಳ್ಳೆಯದು. ಬಣ್ಣ ಒರೆಸಿಕೊಳ್ಳುತ್ತಿರುವವರು ಮಾತನಾಡಿಸಿದರೆ ಮಾತನಾಡುತ್ತಾರೆ. ಹುಬ್ಬಳ್ಳಿಯಿಂದ ಸೊಲ್ಲಾಪುರದ ಕಡೆ ಹೋಗುವ ರೈಲು ಬಾದಾಮಿಯಲ್ಲಿ ನಿಲ್ಲುತ್ತದೆ. ನಿಲ್ದಾಣದಿಂದ ಜಾತ್ರೆಗೆ ಬಸ್ಸುಗಳಿರುತ್ತವೆ. ರಾತ್ರಿ ಚಳಿ ಇರುವುದರಿಂದ ಒಂದು ಶಾಲು ಜೊತೆಗಿರಲಿ.